ಮೇಕೆ ಚಾವಣಿ ಹತ್ತಿದ್ದು ಯಾಕೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಗೂ ಒಂದು ಫ್ರಿಜ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ, ಕೂದಲು ಕತ್ತರಿಸುವ ಸಣ್ಣ ಅಂಗಡಿಯೊಂದಿತ್ತು. ಗಂಡಸು, ಹೆಂಗಸು, ಮಕ್ಕಳು ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿ ತಲೆ ಒಪ್ಪಿಸುತ್ತಿದ್ದರು. ಕತ್ತರಿ ಹಿಡಿಯುವವಳು ಐವತ್ತರ ಆಸುಪಾಸಿನ ಹೆಂಗಸು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವಳು ಯಾಕಕ್ಕ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಕೂತವರಿಗೆ ಅವಳಿಂದ ತಪ್ಪಿಸಿಕೊಳ್ಳುವ ಹಾದಿಯೇ ಇರಲಿಲ್ಲ. ನರ್ಸ್ ಬಂದರೆ, "ಆಪರೇಷನ್ ಮಾಡ್ತಾ ಇರೋವಾಗ ಡಾಕ್ಟ್ರಿಗೆ ಸೀನು ಬಂದ್ರೆ ಏನ್ ಮಾಡ್ತಾರೆ?" ಎಂದು ಕೇಳುತ್ತಿದ್ದಳು. ಬಸ್ ಡ್ರೈವರ್ ಬಂದರೆ, "ಖಾಲಿ ಬಸ್ಸು ಜಾಸ್ತಿ ಕುಲುಕುತ್ತೆ, ತುಂಬಿದ್ದು ಅಷ್ಟಿಲ್ಲ, ಯಾಕೆ?" ಎನ್ನುತ್ತಿದ್ದಳು. ಉತ್ತರ ಬಂದರೆ ಅದರ ಬೆನ್ನಿಗೇ ಇನ್ನೊಂದು ಯಾಕೆ. ತಲೆ ತಿನ್ನುತ್ತಾಳೆ ಎಂದು ಗೊಣಗಿದವರೂ ಮುಂದಿನ ತಿಂಗಳು ಅದೇ ಕುರ್ಚಿಗೆ ಬರುತ್ತಿದ್ದರು. ತಮ್ಮ ಕೆಲಸದ ಬಗ್ಗೆ ಇಷ್ಟು ಆಸೆಯಿಂದ ಕೇಳುವವರು ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಆ ಕುರ್ಚಿಗೂ ಒಂದು ರೋಗವಿತ್ತು. ಪೆಡಲ್ ಒತ್ತಿ ಏರಿಸಿದರೆ, ಕೂತವರ ಭಾರಕ್ಕೆ ಉಸ್ಸೆಂದು ಸದ್ದು ಮಾಡುತ್ತ ನಿಧಾನವಾಗಿ ಇಳಿಯುತ್ತಿತ್ತು. ಕತ್ತರಿಸಲು ಶುರು ಮಾಡುವಾಗ ನೆಟ್ಟಗೆ ನಿಂತಿದ್ದ ಯಾಕಕ್ಕ ಮುಗಿಸುವ ಹೊತ್ತಿಗೆ ನಡು ಬಗ್ಗಿಸಿರುತ್ತಿದ್ದಳು. ಪಕ್ಕದ ಫ್ರಿಜ್ ರಿಪೇರಿ ಅಂಗಡಿ ಅವಳ ಗಂಡನದೇ. ಊರಿನ ಫ್ರಿಜ್ಜುಗಳನ್ನೆಲ್ಲ ತಣ್ಣಗಾಗಿಸುವ ಅವನಿಗೆ ಹೆಂಡತಿಯ ಕುರ್ಚಿ ನೋಡಲು ಪುರುಸೊತ್ತು ಸಿಕ್ಕಿರಲಿಲ್ಲ. ಹೊಸ ಕುರ್ಚಿಗೆಂದು ಅವಳೇ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಳು.

ಅಂಗಡಿಗೆ ಬರುವವರಲ್ಲಿ ಒಬ್ಬರು ಲೈಬ್ರರಿ ಮೇಡಂ. ಊರಿನ ಗ್ರಂಥಾಲಯದಲ್ಲಿ ಕೆಲಸ, ಬಿಳಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳದ ಹಟ, ಭುಜಕ್ಕೆ ಯಾವಾಗಲೂ ಭಾರದ ಚೀಲ. ಒಂದು ದಿನ ಅವರು ಚೀಲದಿಂದ ಕನ್ನಡಕ ಹುಡುಕುವಾಗ ತೆಳ್ಳನೆಯ ಚಿತ್ರಪುಸ್ತಕವೊಂದು ಜಾರಿ, ನೆಲದ ಕೂದಲ ರಾಶಿಯ ಮೇಲೆ ಬಿತ್ತು. ಯಾಕಕ್ಕ ಅದನ್ನು ಎತ್ತಿ ಕೊಡವಿ ತೆರೆದಳು. ಅವಳು ಎಂದೂ ಕಂಡಿರದ ಲಿಪಿ. ಅಕ್ಷರಗಳು ಕೊಕ್ಕೆಗಳ ಹಾಗೆ ಒಂದಕ್ಕೊಂದು ನೇತುಬಿದ್ದಿದ್ದವು.

ಚಿತ್ರಗಳು ಮಾತ್ರ ಯಾರಿಗೂ ಅರ್ಥವಾಗುವಂಥವು. ಮೊದಲ ಪುಟದಲ್ಲಿ ಒಂದು ಮೇಕೆ ಮನೆಯೊಳಗಿಂದ ಕಿಟಕಿಯಲ್ಲಿ ಇಣುಕುತ್ತಿದೆ, ಅಜ್ಜಿ ಹೊರಗೆ ನಿಂತಿದ್ದಾಳೆ. ಮುಂದಿನ ಪುಟದಲ್ಲಿ ಮೇಕೆ ಚಾವಣಿಯ ಮೇಲಿದೆ. ಕೆಳಗೆ ಅಜ್ಜಿ ಛತ್ರಿ ಬಿಚ್ಚಿ ಹಿಡಿದಿದ್ದಾಳೆ, ಆಕಾಶದಲ್ಲಿ ನೋಡಿದರೆ ಬಿಸಿಲು. ಆಮೇಲಿನದರಲ್ಲಿ ಒಬ್ಬ ಗಂಡಸು ಒಂದೇ ಕಾಲಿಗೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಕೊನೆಯ ಪುಟದಲ್ಲಿ ಮನೆಮಂದಿಯೆಲ್ಲ ಚಾವಣಿಯ ಮೇಲೆ ಕೂತಿದ್ದಾರೆ, ಮೇಕೆ ಒಂದೇ ಕೆಳಗೆ ಬಾಗಿಲ ಮುಂದೆ ಮಲಗಿದೆ.

"ಮೇಡಂ, ಈ ಮೇಕೆ ಮೇಲೆ ಹತ್ತಿದ್ದು ಯಾಕೆ?"

"ಗೊತ್ತಿಲ್ಲ ಕಣ್ರಿ. ನಂಗೆ ಆ ಭಾಷೆ ಬರಲ್ಲ."

"ಬರದೆ ಇದ್ರೆ ಪುಸ್ತಕ ಯಾಕೆ ಇಟ್ಕೊಂಡಿದೀರಾ?"

ಲೈಬ್ರರಿ ಮೇಡಂ ಹೇಳಿದರು. ದೂರದ ಒಂದು ದೇಶದಲ್ಲಿ, ಗುಡ್ಡಗಾಡಿನ ಹಳ್ಳಿಗಳಲ್ಲಿ, ಮಕ್ಕಳಿಗೆ ಓದು ಕಲಿಸುವ ಒಂದು ಸಂಸ್ಥೆ ಇದೆ. ಅಲ್ಲಿನ ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲಿ ಅಚ್ಚಾದ ಪುಸ್ತಕಗಳೇ ಇರಲಿಲ್ಲ, ಈಗೀಗ ಬರತೊಡಗಿವೆ. ಒಂದೊಂದು ಹಳ್ಳಿಗೆ ಒಂದು ಓದುವ ಕೋಣೆ, ಕೆಲವು ಪುಸ್ತಕ, ಒಬ್ಬ ಟೀಚರ್. ತಾವು ಮತ್ತು ಕೆಲವು ಗೆಳತಿಯರು ಸೇರಿ ಇಲ್ಲಿಂದ ಹಣ ಕೂಡಿಸಿ ಕಳಿಸುತ್ತಾರೆ.

"ಅಂದ್ರೆ ನಿಮಗೇ ಓದಕ್ಕೆ ಬರದ ಪುಸ್ತಕಕ್ಕೆ ದುಡ್ಡು ಕೂಡಿಸ್ತಿದೀರಾ?"

"ಹಾಗೇ ಅನ್ನಿ," ಎಂದು ಮೇಡಂ ನಕ್ಕರು. ಕುರ್ಚಿ ಆಗಲೇ ಅರ್ಧ ಇಳಿದಿತ್ತು. "ಬೇಕಾದ್ರೆ ಪುಸ್ತಕ ಇಲ್ಲೇ ಇರಲಿ. ಬಂದೋರಿಗೆ ತೋರಿಸಿ."

ಅವರು ತೋರಿಸಿ ಎಂದದ್ದು ಸಂಸ್ಥೆಗೆ ಪ್ರಚಾರವಾಗಲಿ ಎಂದು. ಯಾಕಕ್ಕನ ತಲೆಯಲ್ಲಿ ಮಾತ್ರ ಮೇಕೆ ಹೊಕ್ಕು ಕೂತಿತು. ಅಂದಿನಿಂದ ಕುರ್ಚಿಯಲ್ಲಿ ಕೂತವರ ಮಡಿಲಿಗೆ ಪುಸ್ತಕ ಇಟ್ಟು, "ಏನಾಗಿರಬಹುದು ಹೇಳಿ" ಎಂದು ಕೇಳುವುದೇ ಅವಳ ಕೆಲಸವಾಯಿತು. ತಮಾಷೆಯೆಂದರೆ, ಎಲ್ಲರಿಗೂ ಏನೋ ಒಂದು ತೋಚುತ್ತಿತ್ತು, ಒಬ್ಬರಿಗೆ ತೋಚಿದ್ದು ಇನ್ನೊಬ್ಬರಿಗೆ ತೋಚುತ್ತಿರಲಿಲ್ಲ. ಪ್ಲಂಬರ್ ಪುಸ್ತಕವನ್ನು ಒಮ್ಮೆ ನೋಡಿ, ಅನುಮಾನವೇ ಇಲ್ಲದಂತೆ, "ಟ್ಯಾಂಕ್ ತುಂಬಿ ಹರೀತಿದೆ ಅಕ್ಕ. ಅಜ್ಜಿ ಅದಕ್ಕೇ ಛತ್ರಿ ಹಿಡಿದಿರೋದು. ವಾಲ್ವ್ ಮುಚ್ಚಕ್ಕೆ ಮನೇಲಿ ಯಾರೂ ಏಳ್ತಿಲ್ಲ, ಪಾಪ, ಮೇಕೆ ಹೋಗಿದೆ" ಎಂದ. ಬೇಕರಿಯವನಿಗೆ ಚಾವಣಿಯ ಹೊಗೆಕೊಳವೆ ಕಂಡಿತು. ಒಳಗೆ ಬ್ರೆಡ್ ಬೇಯುತ್ತಿದೆ, ಮೇಕೆ ವಾಸನೆ ಹಿಡಿದು ಹತ್ತಿದೆ ಎಂಬುದು ಅವನ ವಾದ. ಗಂಡನನ್ನು ಕೇಳಿದರೆ, "ಕೆಳಗೆ ಸೆಕೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಇದನ್ನೆಲ್ಲ ಮುಂದಿನ ತಿಂಗಳು ಕೇಳಿದ ಲೈಬ್ರರಿ ಮೇಡಂ ಕಣ್ಣು ಕಿರಿದು ಮಾಡಿ ಕನ್ನಡಿಯಲ್ಲಿ ಯಾಕಕ್ಕನನ್ನೇ ನೋಡಿದರು. "ಇವರನ್ನೆಲ್ಲ ಒಂದು ಸಂಜೆ ಒಟ್ಟಿಗೆ ಕೂರಿಸಿದ್ರೆ ಹೇಗೆ? ಚಿತ್ರ ಗೋಡೆ ಮೇಲೆ ದೊಡ್ಡದಾಗಿ ಹಾಕೋಣ. ಒಬ್ಬೊಬ್ಬರು ಬಂದು ತಮ್ಮ ತಮ್ಮ ಕಥೆ ಹೇಳಲಿ. ಕೇಳೋಕೆ ಟಿಕೆಟ್ ಇಡೋಣ."

"ಟಿಕೆಟ್ ಕೊಟ್ಟು ಪ್ಲಂಬರ್ ಮಾತು ಕೇಳಕ್ಕೆ ಯಾರ್ ಬರ್ತಾರೆ ಮೇಡಂ?"

"ಅವನಿಗೆ ಫೋನ್ ಮಾಡಿ ಮಾಡಿ ಸಾಕಾದೋರೆಲ್ಲ ಬರ್ತಾರೆ. ಆವತ್ತಾದ್ರೂ ಸಿಗ್ತಾನಲ್ಲ."

ಮನೆಯಲ್ಲಿ ಈ ಸುದ್ದಿಗೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೇ. ಯಾಕಕ್ಕನ ಅತ್ತೆ ಎಂಬತ್ತು ದಾಟಿದವರು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸದೆ ಯಾರಿಗೂ ಬಿಟ್ಟುಕೊಡುವವರಲ್ಲ. ಅವರು ಪೇಪರ್ ಮಡಚಿ ಇಟ್ಟು ಕೇಳಿದರು: "ಅಲ್ಲ ಕಣೇ, ನಮ್ಮ ಬೀದಿ ಮಕ್ಕಳೆಲ್ಲ ಪಂಡಿತರಾಗಿ ಆಯ್ತಾ? ಕಂಡು ಕೇಳರಿಯದ ಊರಿನ ಮಕ್ಕಳ ಮೇಲೆ ನಿಂಗ್ಯಾಕೆ ಅಷ್ಟು ಅಕ್ಕರೆ?"

ಯಾಕಕ್ಕ ದೊಡ್ಡ ಮಾತೇನೂ ಆಡಲಿಲ್ಲ. "ಅಕ್ಕರೆ ಇದೆಯೋ ಇಲ್ಲವೋ ನಂಗೇ ಗೊತ್ತಿಲ್ಲ ಅತ್ತೆ. ಆ ಮೇಕೆ ಯಾಕೆ ಹತ್ತಿತು ಅಂತ ಗೊತ್ತಾಗಬೇಕು, ಅಷ್ಟೇ."

"ಎಲ್ಲಿ, ಕೊಡು ಇಲ್ಲಿ," ಎಂದು ಅತ್ತೆ ಪುಸ್ತಕ ಕಸಿದುಕೊಂಡು ಕನ್ನಡಕ ಏರಿಸಿದರು. ಅವತ್ತು ಸಂಜೆಯವರೆಗೆ ಹಿಂತಿರುಗಿಸಲಿಲ್ಲ.

ಬೇಕರಿಯ ಮೇಲಿನ ಮಹಡಿಯಲ್ಲಿ, ದೊಡ್ಡ ದೊಡ್ಡ ಕೇಕುಗಳಿಗೆ ಹೂವು ಬಿಡಿಸುವ ಉದ್ದನೆಯ ಕೋಣೆಯಲ್ಲಿ ಕಾರ್ಯಕ್ರಮ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸಕ್ಕರೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು. ಬಂದವರು ಕೂರಲು ಜಾಗ ಸಾಲದೆ ಮೆಟ್ಟಿಲ ಮೇಲೂ ನಿಂತರು. ಪ್ಲಂಬರ್ ಎದ್ದು ನಿಂತ ಕೂಡಲೇ ಹಿಂದಿನಿಂದ ಯಾರೋ, "ನಮ್ಮನೆ ನಲ್ಲಿ ಕಥೆ ಮೊದಲು ಹೇಳು" ಎಂದು ಕೂಗಿದರು. ಬೇಕರಿಯವನು ಮೇಕೆಯ ಹಾಗೆ ಮೂಸಿ ತೋರಿಸಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ಕೊನೆಗೆ, ಯಾರೂ ಕರೆಯದಿದ್ದರೂ, ಅತ್ತೆ ಕೋಲೂರಿ ಮುಂದೆ ಬಂದರು.

"ಯಾರೂ ಸರಿಯಾಗಿ ನೋಡಿಲ್ಲ," ಎಂದು ಶುರುಮಾಡಿದರು. "ಒಂದೇ ಶೂ ಹಾಕ್ಕೊಂಡು ನಿಂತಿದಾನಲ್ಲ, ಅವನು ಅಜ್ಜಿ ಮಗ. ಮೇಕೇನ ಮಾರಿಬಿಟ್ಟಿದಾನೆ. ಕೊಳ್ಳೋನು ಬರ್ತಿದಾನೆ ಅಂತ ಅವಸರ, ಅದಕ್ಕೇ ಇನ್ನೊಂದು ಶೂ ಮರೆತಿದಾನೆ. ಮೇಕೆಗೆ ವಿಷಯ ಗೊತ್ತಾಗಿ ಮೇಲೆ ಹತ್ತಿಬಿಡ್ತು. ಅಜ್ಜಿ ಛತ್ರಿ ಬಿಚ್ಚಿರೋದು ಮಳೆಗೂ ಅಲ್ಲ, ಟ್ಯಾಂಕಿಗೂ ಅಲ್ಲ. ರಸ್ತೇಲಿ ಬರೋನಿಗೆ ಮೇಕೆ ಕಾಣಬಾರದು ಅಂತ ಅಡ್ಡ ಹಿಡಿದಿದಾಳೆ. ಕೊನೆಗೆ ಮನೆಯೋರೆಲ್ಲ ಮೇಕೆ ಹಿಡಿಯಕ್ಕೆ ಮೇಲೆ ಹತ್ತಿದ್ರು. ಅದು ಆಕಡೆಯಿಂದ ಇಳಿದು ಬಾಗಿಲಲ್ಲಿ ಮಲಗಿಬಿಡ್ತು. ಕೊಳ್ಳೋನು ಬಂದು ನೋಡಿದ. ಮನೇಲಿ ಯಾರೂ ಇಲ್ಲ, ಮೇಕೆ ಕಾವಲಿಗಿದೆ. ವಾಪಸ್ ಹೋದ."

ಆಗ ಬಿದ್ದ ಚಪ್ಪಾಳೆಗೆ ಕೆಳಗಿನ ಬೇಕರಿಯಲ್ಲಿ ಸಾಮಾನು ಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರಂತೆ. ಒಂದು ಓದುವ ಕೋಣೆಗೆ ಬೇಕಾದ ಕಪಾಟು, ಬೆಂಚುಗಳಿಗೆ ಸಾಕಾಗುವಷ್ಟು ಹಣ ಅದೊಂದೇ ಸಂಜೆ ಕೂಡಿತು.

ಹಣ ಕಳಿಸಿದ ಮೇಲೆ ಸಂಸ್ಥೆಯವರು ಒಬ್ಬ ಸ್ವಯಂಸೇವಕರನ್ನು ಕಳಿಸಿ ಎಂದರು. ಹೊಸ ಕೋಣೆ ಜೋಡಿಸಲು ಕೈಯಾಸರೆ ಬೇಕಿತ್ತು, ಹಣ ಕೊಟ್ಟವರಿಗೆ ತೋರಿಸಲು ಮಕ್ಕಳು ಓದುವುದರ ವಿಡಿಯೋ ಬೇಕಿತ್ತು. ಹೋಗುವವರ ಖರ್ಚು ಅವರದೇ. ಲೈಬ್ರರಿ ಮೇಡಂ ಹೊರಡುವವರಿದ್ದರು; ಹೊರಡುವ ಮುಂಚೆ ಗ್ರಂಥಾಲಯದ ಏಣಿಯಿಂದ ಜಾರಿ ಪಾದ ಉಳುಕಿಸಿಕೊಂಡರು. ಕಾಲಿಗೆ ಪಟ್ಟಿ ಸುತ್ತಿಕೊಂಡೇ ಅಂಗಡಿಗೆ ಬಂದು, "ನೀವು ಹೋಗಿ" ಎಂದರು.

"ನಾನಾ? ಅಲ್ಲಿ ಹೋಗಿ ಏನ್ ಮಾಡ್ಲಿ? ಭಾಷೆ ಬರಲ್ಲ, ಪಾಠ ಮಾಡಕ್ಕೆ ಬರಲ್ಲ."

"ಟೀಚರ್ ನಮ್ಮ ಕಡೆ ಓದಿದೋರು, ನಮ್ಮ ಭಾಷೆ ಬರುತ್ತೆ. ಮೇಕೆ ವಿಷಯ ಕೇಳ್ಕೊಂಡು ಬನ್ನಿ."

ಹೊಸ ಕುರ್ಚಿಯ ದುಡ್ಡು ಟಿಕೆಟ್ಟಿಗೆ ಹೋಯಿತು. ಗಂಡ ಬೇಡ ಎನ್ನಬಹುದು ಎಂದುಕೊಂಡಿದ್ದಳು. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ಹೋಗಿ ಬಾ. ಕುರ್ಚಿ ನಾನು ನೋಡ್ತೀನಿ. ನಾಲ್ಕು ದಿನ ಕಿವಿಗೂ ರಜ" ಎಂದ. ಅತ್ತೆ ಮಾತ್ರ ಚೀಲ ಕಟ್ಟುವಾಗ ಎರಡೆರಡು ಬಾರಿ ಹತ್ತಿರ ಬಂದು, "ನಾನು ಹೇಳಿದ್ದೇ ಸರಿ ಅಂತ ಅಲ್ಲೂ ಹೇಳ್ತಾರೆ, ನೋಡ್ತಿರು" ಎಂದು ಹೋದರು.

ವಿಮಾನ, ರೈಲು, ಆಮೇಲೆ ತಿರುವು ತಿರುವಿನಲ್ಲೂ ಜೀವ ಬಾಯಿಗೆ ತರುವ ಒಂದು ಬಸ್ಸು. ಇಳಿದಾಗ ಎದುರಿಗೆ ನಿಂತಿದ್ದ ಟೀಚರ್ ಇನ್ನೂ ಮೂವತ್ತು ದಾಟಿರದ ತೆಳ್ಳನೆಯ ಹುಡುಗಿ. ಕೈಮುಗಿದು, "ತಮ್ಮ ಪ್ರಯಾಣವು ಸುಖಕರವಾಗಿತ್ತೇ?" ಎಂದು ಕೇಳಿದಳು. ಯಾಕಕ್ಕ ತಿರುಗಿ ನೋಡಿದಳು, ಹಿಂದೆ ಯಾರಾದರೂ ದೊಡ್ಡವರು ಇಳಿದಿದ್ದಾರೋ ಎಂದು. ಆ ಹುಡುಗಿ ನಮ್ಮ ಕಡೆ ಓದಿದ್ದರೂ ನಮ್ಮ ಭಾಷೆ ಕಲಿತದ್ದು ಪಠ್ಯಪುಸ್ತಕದಿಂದ. ಬೀದಿಯ ಮಾತು ಅವಳಿಗೆ ಅಷ್ಟಾಗಿ ಅಂಟಿರಲಿಲ್ಲ.

ಓದುವ ಕೋಣೆ ಒಂದು ಉಗ್ರಾಣದ ಪಕ್ಕದಲ್ಲಿತ್ತು. ಹೊಸ ಬೆಂಚುಗಳ ಮರದ ವಾಸನೆ ಬರುತ್ತಿತ್ತು. ಒಂದು ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಪುಸ್ತಕ ನೇತುಹಾಕಿದ್ದರು. ಅದರಲ್ಲಿ ಮೇಕೆಯ ಪುಸ್ತಕವೂ ಇತ್ತು. ಯಾಕಕ್ಕ ಚೀಲ ಕೆಳಗಿಡುವ ಮೊದಲೇ ಅದರತ್ತ ಕೈ ತೋರಿಸಿದಳು.

"ಟೀಚರಮ್ಮ, ಇದನ್ನ ಓದಿ ಹೇಳ್ತೀರಾ? ಪ್ರತಿ ಸಾಲೂ."

ಟೀಚರ್ ಓದಿ ಹೇಳಿದಳು. "ಮೇಕೆ ಒಳಗೆ. ಅಜ್ಜಿ ಹೊರಗೆ. ಮೇಕೆ ಮೇಲೆ. ಅಜ್ಜಿ ಕೆಳಗೆ. ಒಂದು ಶೂ ಒಳಗೆ. ಒಂದು ಶೂ ಹೊರಗೆ. ಎಲ್ಲರೂ ಮೇಲೆ. ಮೇಕೆ ಕೆಳಗೆ."

"ಆಮೇಲೆ?"

"ಮುಕ್ತಾಯ. ಇದು ಒಳಗೆ, ಹೊರಗೆ, ಮೇಲೆ, ಕೆಳಗೆ ಎಂಬ ಪದಗಳನ್ನು ಕಲಿಸುವ ಪುಸ್ತಕವಾಗಿದೆ."

"ಯಾಕೆ ಹತ್ತಿತು ಅಂತ ಇಲ್ವಾ?"

"ಇಲ್ಲ."

ಯಾಕಕ್ಕನ ಮುಖ ಸಪ್ಪಗಾಯಿತು. ಮರುಕ್ಷಣ ಬೇಕರಿಯವನು ಮೂಸಿದ್ದು, ಪ್ಲಂಬರ್ ವಾಲ್ವ್ ತಿರುಗಿಸಿ ತೋರಿಸಿದ್ದು, ಅತ್ತೆ ಕೋಲೂರಿ ಮೇಲೆದ್ದದ್ದು ಎಲ್ಲ ಒಟ್ಟಿಗೆ ನೆನಪಾಗಿ ನಗು ಉಕ್ಕಿತು. ಬೆಂಚಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಟೀಚರ್ ಗಾಬರಿಯಾಗಿ ನೀರಿನ ಲೋಟ ತಂದಳು.

ಮೊದಲ ದಿನಗಳು ಕಪಾಟಿಗೆ ಮೊಳೆ ಹೊಡೆಯುವುದು, ಪುಸ್ತಕಗಳಿಗೆ ರಟ್ಟು ಹಾಕುವುದು, ಕಣ್ಣಿಗೆ ಬೀಳುವ ಕೂದಲಿದ್ದ ಮಕ್ಕಳನ್ನು ಹಿಡಿದು ಕೂರಿಸಿ ಕತ್ತರಿಸುವುದು, ಇದರಲ್ಲೇ ಕಳೆದವು. ಮಕ್ಕಳು ಓದುವುದನ್ನು ಅವಳು ಬೆರಗಾಗಿ ಕೇಳುತ್ತಿದ್ದಳು. ಎಲ್ಲರೂ ಒಟ್ಟಿಗೆ, ಒಂದೇ ರಾಗದಲ್ಲಿ, ಒಂದು ತಪ್ಪಿಲ್ಲದೆ. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಗಂಟಲು ಎಂಟು ವರ್ಷದ ಒಂದು ಹುಡುಗಿಯದು. ಗುಂಡು ಮುಖ, ಉದುರಿದ ಮುಂದಿನ ಹಲ್ಲು. ಬಾಯಿ ಮುಚ್ಚುವುದೇ ಇಲ್ಲವೆಂದು ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

ವಿಡಿಯೋಗೆ ಯಾಕಕ್ಕ ಆರಿಸಿದ್ದು ಅವಳನ್ನೇ. ಕಿಟಕಿಯ ಬೆಳಕಿಗೆ ಕೂರಿಸಿ, ಕೈಗೆ ಮೇಕೆಯ ಪುಸ್ತಕ ಕೊಟ್ಟು ಫೋನ್ ಹಿಡಿದಳು. ರೇಡಿಯೋ ಪುಸ್ತಕವನ್ನು ಎದೆಗೆ ಎತ್ತಿ ಹಿಡಿದು, ಕಣ್ಣನ್ನು ಫೋನಿನ ಮೇಲೆ ನೆಟ್ಟು, ಹಾಡಿನಂತೆ ಓದಿ ಮುಗಿಸಿದಳು. ನೋಡಿದವರ ಕೈ ತಾನಾಗಿ ಜೇಬಿಗೆ ಹೋಗಬೇಕು, ಅಂಥ ಓದು. ಯಾಕಕ್ಕ ಅದನ್ನು ಕೂಡಲೇ ಮಕ್ಕಳಿಗೆ ತೋರಿಸಿದಳು. ಅವರು ಒಬ್ಬರನ್ನೊಬ್ಬರು ತಿವಿದುಕೊಂಡು ನಗತೊಡಗಿದಾಗ ಅವಳೂ ಬಗ್ಗಿ ನೋಡಿದಳು. ಪುಸ್ತಕದ ಮೇಲಿನ ಮೇಕೆ ನಾಲ್ಕೂ ಕಾಲು ಆಕಾಶಕ್ಕೆ ಎತ್ತಿ ಮಲಗಿತ್ತು. ಹುಡುಗಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಳು.

ಮಕ್ಕಳು ಮನೆಗೆ ಹೋದ ಮೇಲೆ ಯಾಕಕ್ಕ ಟೀಚರಿಗೆ ಫೋನ್ ತೋರಿಸಿದಳು. ಟೀಚರ್ ನೋಡಿದಳು. ಆಶ್ಚರ್ಯವೇನೂ ಪಡಲಿಲ್ಲ.

"ಹೌದು. ಅವಳಿಗೆ ಓದಲು ಬರುವುದಿಲ್ಲ. ಕಂಠಪಾಠ. ಒಟ್ಟಿಗೆ ಓದುವಾಗ ಬಲ್ಲವರು ಬಾರದವರನ್ನು ಎಳೆದುಕೊಂಡು ಹೋಗುತ್ತಾರೆ. ನಿಜವಾಗಿ ಓದುವವರು ಬೆರಳೆಣಿಕೆಯಷ್ಟು ಮಾತ್ರ."

"ಮತ್ತೆ ಸಂಸ್ಥೆಯೋರಿಗೆ ಹೇಳಿಲ್ವಾ?"

"ಹೇಳಿರುವೆನು. ಅವರು ಬಂದಾಗ ಮಕ್ಕಳು ಓದುತ್ತಾರೆ. ಅವರು ಸಂತೋಷಪಡುತ್ತಾರೆ." ಟೀಚರ್ ಪುಸ್ತಕದ ಭಾಷೆ ಬಿಟ್ಟು ಹೇಳಿದಳು: "ನಾನು ಒಬ್ಬಳೇ ಇದೀನಿ ಅಕ್ಕ."

ಅವಳು ಅಕ್ಕ ಎಂದದ್ದು ಅದೇ ಮೊದಲು. ಯಾಕಕ್ಕ ಅಂದೇ ಲೈಬ್ರರಿ ಮೇಡಂಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಪುಸ್ತಕ ಕಾಣದ ಹಾಗೆ ಇನ್ನೊಂದು ಸಲ ತೆಗೆದ್ರೆ?" ಎಂದರು ಮೇಡಂ. ಹೇಳಿದ ಮೇಲೆ ತಮಗೇ ಸರಿಯೆನಿಸಲಿಲ್ಲವೇನೋ, "ಬೇಡ, ಬಿಡಿ. ಏನೂ ಕಳಿಸಬೇಡಿ. ನೀವು ಅಲ್ಲಿದೀರಲ್ಲ, ಮೊದಲು ನೋಡಿ" ಎಂದರು.

ನೋಡುವುದೇನು ಎಂದು ಯಾಕಕ್ಕನಿಗೆ ತಿಳಿಯಲಿಲ್ಲ. ಪಾಠ ಮಾಡುವುದು ಅವಳ ಕೆಲಸವಲ್ಲ, ಅಕ್ಷರವೂ ಗೊತ್ತಿಲ್ಲ. ಮರುದಿನ ಮಕ್ಕಳ ನಡುವೆ ಸುಮ್ಮನೆ ಕೂತಿದ್ದವಳು, ಹೊತ್ತು ಹೋಗಲೆಂದು, ತನ್ನ ಬೀದಿಯವರು ಮೇಕೆಗೆ ಕಟ್ಟಿದ ಕಥೆಗಳನ್ನು ಹೇಳತೊಡಗಿದಳು. ಟೀಚರ್ ಒಂದೊಂದು ವಾಕ್ಯವನ್ನೂ ಅವರ ಮಾತಿಗೆ ತಿರುಗಿಸುತ್ತಿದ್ದಳು. ಪ್ಲಂಬರನ ಟ್ಯಾಂಕಿಗೆ ಮಕ್ಕಳು ನಕ್ಕರು. ಬೇಕರಿಯವನ ಹಾಗೆ ಯಾಕಕ್ಕ ಮೂಸಿ ತೋರಿಸಿದಾಗ ಅವರೂ ಮೂಸಿದರು. ಅತ್ತೆಯ ಕಥೆ ಬಂದಾಗ ಮಾತ್ರ ಎಲ್ಲರೂ ಬಾಯಿಗೆ ಬೀಗ ಹಾಕಿದಂತೆ ಕೂತು ಕೇಳಿದರು.

ಕಥೆ ಮುಗಿದದ್ದೇ ರೇಡಿಯೋ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಏನೋ ಜೋರಾಗಿ ಕೇಳಿದಳು.

"ಕೊಳ್ಳುವವನು ಎಲ್ಲಿದ್ದಾನೆ ಎಂದು ಕೇಳುತ್ತಿದ್ದಾಳೆ," ಎಂದಳು ಟೀಚರ್. "ಪುಸ್ತಕದಲ್ಲಿ ಅವನಿದ್ದರೆ ನಾನು ಅವಳಿಗೆ ಹೇಳಿಕೊಟ್ಟಿಲ್ಲವೇಕೆ ಎಂದು ಸಿಟ್ಟು."

"ಇಲ್ಲ ಅಂತ ಹೇಳಿ ಪಾಪ."

ಟೀಚರ್ ಹೇಳಲಿಲ್ಲ. ಬೋರ್ಡಿನ ಮೇಲೆ ಕೊಕ್ಕೆಯಂಥ ಒಂದು ಅಕ್ಷರ ಬರೆದಳು. ಕೊಳ್ಳುವವನು ಎಂಬ ಪದ ಅವರ ಮಾತಿನಲ್ಲಿ ಆ ಅಕ್ಷರದಿಂದ ಶುರುವಾಗುತ್ತದೆ. ಇದ್ದರೆ ನೀನೇ ಹುಡುಕು ಎಂದಳು.

ರೇಡಿಯೋ ಪುಸ್ತಕ ತೆಗೆದುಕೊಂಡು ಮೂಲೆಗೆ ಹೋದಳು. ಬೋರ್ಡ್ ನೋಡಿದಳು, ಪುಸ್ತಕ ನೋಡಿದಳು, ಪುಸ್ತಕವನ್ನು ನೆಟ್ಟಗೆ ತಿರುಗಿಸಿದಳು. ಬೆರಳನ್ನು ಒಂದೊಂದು ಅಕ್ಷರದ ಮೇಲೂ ಇಟ್ಟು ಸರಿಸುತ್ತ, ಉಳಿದವರು ಆಟಕ್ಕೆ ಹೋದರೂ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಂದು, ಯಾಕಕ್ಕನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ತೀರ್ಪು ಕೊಟ್ಟಳು.

ಟೀಚರ್ ನಗು ತಡೆಯಲಾರದೆ ಹೇಳಿದಳು: "ಕೊಳ್ಳುವವನು ಇಲ್ಲವಂತೆ. ನಿಮ್ಮ ಅತ್ತೆ ಸುಳ್ಳು ಹೇಳಿದ್ದಾರಂತೆ."

"ಅದನ್ನ ಅವರ ಎದುರಿಗೆ ಹೇಳೋ ಧೈರ್ಯ ಇದ್ರೆ ನನ್ನ ಜೊತೆ ಬರಕ್ಕೆ ಹೇಳಿ."

ಆದರೆ ಹುಡುಗಿ ಆಟಕ್ಕೆ ಹೋಗಲಿಲ್ಲ. ಪುಸ್ತಕದ ಮೊದಲ ಪದಕ್ಕೆ ಬೆರಳಿಟ್ಟು, ಕೊಳ್ಳುವವನು ಅಲ್ಲವಾದರೆ ಇದೇನು ಎಂದು ಕೇಳಿದಳು. ದಿನಾ ಹಾಡುತ್ತೀಯಲ್ಲ, ನೀನೇ ಹೇಳು ಎಂದಳು ಟೀಚರ್. ರೇಡಿಯೋ ಹಾಡು ಶುರುಮಾಡಿ ಜೊತೆಗೆ ಬೆರಳು ಸರಿಸಿದಳು. ಆ ಸಾಲಿನ ಹಾಡು ಮುಗಿಯಿತು, ಬೆರಳಿನ ಮುಂದೆ ಇನ್ನೂ ಅರ್ಧ ಸಾಲು ಉಳಿದಿತ್ತು. ಹುಬ್ಬು ಗಂಟಿಕ್ಕಿ ಮತ್ತೆ ಮೊದಲಿಂದ ಹೊರಟಳು. ಈ ಬಾರಿ ಬೆರಳು ಮೊದಲೇ ತುದಿ ಮುಟ್ಟಿತು, ಹಾಡು ಉಳಿಯಿತು. ಮೂರನೆಯ ಸಲ ಮೇಕೆ ಎಂಬ ಪದವನ್ನು ಎಳೆದು ಎಳೆದು ಹೇಳಿ, ಅದು ಎಲ್ಲಿ ಮುಗಿಯುತ್ತದೆ ಎಂದು ಬಗ್ಗಿ ನೋಡಿದಳು. ಮೂಗು ಕಾಗದಕ್ಕೆ ತಾಗುತ್ತಿತ್ತು. ಯಾಕಕ್ಕ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಒಂದು ತಲೆಯೊಳಗೆ ಹೀಗೆ ಏನೋ ಬಾಗಿಲು ತಟ್ಟುವುದನ್ನು, ಜೀವಮಾನವಿಡೀ ತಲೆಗಳ ಮೇಲೆ ಕೈಯಾಡಿಸಿಯೂ, ಅವಳು ಕಂಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ಟೀಚರ್ ಅದನ್ನೇ ಹಿಡಿದಳು. ಯಾಕಕ್ಕ ಬೇಕೆಂದೇ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವುದು, ಮಕ್ಕಳು ಹುಡುಕಿ ಅವಳ ಸುಳ್ಳು ಹಿಡಿಯುವುದು. ಸುಳ್ಳು ಸಿಕ್ಕಿದಾಗಲೆಲ್ಲ ಯಾಕಕ್ಕ ಕಿವಿ ಹಿಡಿದುಕೊಳ್ಳಬೇಕು. ಅವಳ ಕಿವಿ ಕೆಂಪಾದದ್ದೇ ಹೆಚ್ಚು. ನಡುವೆ ಕೆಲವರಿಗೆ ತಾವೇ ಕಥೆ ಕಟ್ಟುವ ಹುರುಪು ಬಂತು, ಟೀಚರ್ ಬರೆದುಕೊಂಡಳು. ಹಾಗೆಂದು ಎಲ್ಲರೂ ಬದಲಾದರು ಎನ್ನುವಂತಿಲ್ಲ. ಹಿಂದಿನ ಬೆಂಚಿನವರು ರಾಗ ಬಿಡಲೇ ಇಲ್ಲ, ಒಬ್ಬನಂತೂ ಹುಡುಕಿ ಹುಡುಕಿ ಸಾಕಾಗಿ ಪುಸ್ತಕದ ಮೇಲೆಯೇ ನಿದ್ದೆ ಮಾಡಿದ. ಯಾಕಕ್ಕ ಹೊರಡುವ ದಿನ ರೇಡಿಯೋ ಇನ್ನೂ ಎರಡನೆಯ ಪುಟದಲ್ಲಿದ್ದಳು, ತಲೆಯೆತ್ತಿ ಬೀಳ್ಕೊಡಲೂ ಇಲ್ಲ.

ಊರಿಗೆ ಬಂದ ಮೇಲೆ ಬೇಕರಿಯ ಮಹಡಿಯಲ್ಲಿ ಮತ್ತೆ ಜನ ಸೇರಿದರು. ಲೈಬ್ರರಿ ಮೇಡಂ ತಲೆಕೆಳಗಿನ ಪುಸ್ತಕದ ವಿಡಿಯೋವನ್ನೇ ತೋರಿಸಿದರು. ಅದು ಬೇಕು ಎಂದು ಯಾಕಕ್ಕನೇ ಪಟ್ಟು ಹಿಡಿದಿದ್ದಳು. ಮೊದಲು ನಕ್ಕವರು ಆಮೇಲೆ ಗುಸುಗುಸು ಎಂದರು.

"ಅಂದ್ರೆ ನಮ್ಮ ದುಡ್ಡಲ್ಲಿ ಕಲಿತಿದ್ದು ಬಾಯಿಪಾಠನಾ?" ಎಂದು ಬೇಕರಿಯವನು ನೇರವಾಗಿ ಕೇಳಿದ.

"ಬಾಯಿಪಾಠ ದುಡ್ಡಿಗೆ ಮೊದಲೇ ಇತ್ತು," ಎಂದಳು ಯಾಕಕ್ಕ. "ಬೆಂಚು, ಕಪಾಟು ನಿಮ್ಮವು. ಆದ್ರೆ ಬೆಂಚಿಂದ ಓದು ಬರಲ್ಲ ಅಂತ ನೋಡ್ಕೊಂಡು ಬಂದೆ. ಅಲ್ಲಿ ಆ ಹುಡುಗಿ ಒಬ್ಬಳೇ ಇದಾಳೆ. ಜೊತೆಗೆ ಇನ್ನೊಬ್ಬ ಟೀಚರ್ ಬೇಕು."

ಕೆಲವರು ಸಪ್ಪೆ ಮುಖ ಮಾಡಿ ಎದ್ದು ಹೋದರು. ಮೇಡಂ ಗೆಳತಿಯೊಬ್ಬರು, ಒಳ್ಳೆಯದನ್ನು ತೋರಿಸಿದ್ದರೆ ಹೆಚ್ಚು ಹಣ ಬರುತ್ತಿತ್ತು ಎಂದು ತಿಂಗಳುಗಟ್ಟಲೆ ಮುನಿಸಿಕೊಂಡರು. ಸಂಸ್ಥೆಯವರಿಂದಲೂ ಒಂದು ಬಿಗಿಯಾದ ಫೋನ್ ಬಂತು. ಆದರೂ ಉಳಿದವರು ಉಳಿದರು, ಅವರಲ್ಲಿ ಬೇಕರಿಯವನೂ ಒಬ್ಬ. ಕಥೆ ಹೇಳುವ ಸಂಜೆಗಳು ನಡೆದವು, ಹೊಸ ಹೊಸ ಪುಸ್ತಕಗಳು ಬಂದವು, ಮುಂದಿನ ವರ್ಷ ಓದುವ ಕೋಣೆಗೆ ಎರಡನೆಯ ಟೀಚರ್ ಬಂದಳು. ಅತ್ತೆಗೆ ಮಾತ್ರ ರೇಡಿಯೋ ತಮ್ಮನ್ನು ಸುಳ್ಳಿ ಎಂದದ್ದು ಸಹಿಸಲಾಗಲಿಲ್ಲ. "ಬರೆದಿಲ್ಲ ಅಂದ್ರೆ ನಡೆದಿಲ್ಲ ಅಂತನಾ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

ಆ ಎರಡನೆಯ ಟೀಚರ್ ಬಂದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಫೋನ್ ಬಂತು. ಬೇಕರಿಯವನು ಕುರ್ಚಿಯಲ್ಲಿದ್ದ, ತಲೆ ಅರ್ಧ ಮುಗಿದಿತ್ತು. ಅತ್ತೆ ಬಾಗಿಲ ಬಳಿ ಪೇಪರ್ ಓದುತ್ತಿದ್ದರು. ಫೋನಿನಲ್ಲಿ ಮೊದಲ ಟೀಚರ್ ಕಂಡಳು, ಪಕ್ಕದಲ್ಲಿ ಮುಂದಿನ ಹಲ್ಲು ಬಂದಿದ್ದ ರೇಡಿಯೋ. ಕೈಯಲ್ಲಿ ಇದ್ದದ್ದು ಮೇಕೆಯ ಪುಸ್ತಕವಲ್ಲ, ಅವಳು ಹಿಂದೆಂದೂ ತೆರೆಯದ ಒಂದು ಹೊಸ ಪುಸ್ತಕ.

"ಅವಳು ತಮಗೆ ಓದಿ ತೋರಿಸಬೇಕಂತೆ ಅಕ್ಕ," ಎಂದಳು ಟೀಚರ್.

ಯಾಕಕ್ಕ ಫೋನನ್ನು ಕನ್ನಡಿಗೆ ಒರಗಿಸಿಟ್ಟಳು. ರೇಡಿಯೋ ಬಗ್ಗಿ ಓದತೊಡಗಿದಳು. ಮೊದಲಿನ ಹಾಡಿಲ್ಲ, ಓಟವಿಲ್ಲ. ಒಂದು ಅಕ್ಷರ, ತಡೆ, ಇನ್ನೊಂದು ಅಕ್ಷರ. ತೊದಲು, ತಪ್ಪು, ತಿದ್ದು.

"ಏನಕ್ಕ ಇದು," ಎಂದ ಬೇಕರಿಯವನು. "ಆವತ್ತು ನೀರು ಕುಡಿದ ಹಾಗೆ ಓದಿದವಳು, ಈಗ ಹೀಗೆ ಮುಗ್ಗರಿಸ್ತಿದಾಳೆ?"

"ಸುಮ್ನಿರಿ. ಓದ್ತಿದಾಳೆ."

ಒಂದು ಪದದಲ್ಲಿ ಹುಡುಗಿ ಸಿಕ್ಕಿಬಿದ್ದಳು. ಟೀಚರ್ ಹೇಳಿಕೊಡಲಿಲ್ಲ. ಅಂಗಡಿಯಲ್ಲಿ ಕತ್ತರಿ ನಿಂತಿತು. ಅತ್ತೆ ಪೇಪರ್ ಕೆಳಗಿಟ್ಟು ಎದ್ದು ಬಂದು ಯಾಕಕ್ಕನ ಭುಜದ ಹಿಂದೆ ನಿಂತರು. ಪಕ್ಕದ ಅಂಗಡಿಯಿಂದ ಏನೋ ಕೇಳಲು ಬಂದ ಗಂಡನೂ ಕೇಳದೆ ಬಾಗಿಲಲ್ಲೇ ನಿಂತ. ರೇಡಿಯೋ ಪದದ ಮೊದಲಿಗೆ ಹಿಂತಿರುಗಿ, ತುಂಡುಗಳನ್ನು ತುಟಿಯಲ್ಲೇ ಜೋಡಿಸಿ, ಬಿಟ್ಟು, ಮತ್ತೆ ಜೋಡಿಸಿ, ಕೊನೆಗೆ ಮೆಲ್ಲಗೆ ಹೇಳಿದಳು. ಹೇಳಿದವಳೇ ಚಕಿತಳಾಗಿ ಟೀಚರನ್ನು ನೋಡಿದಳು.

"ಅದು ದೋಣಿ ಎಂಬ ಪದ," ಎಂದಳು ಟೀಚರ್.

"ಗುಡ್ಡದ ಊರಲ್ಲಿ ದೋಣಿನಾ?" ಎಂದರು ಅತ್ತೆ. "ಯಾರದಂತೆ?"

ಅಷ್ಟರಲ್ಲಿ ಹುಡುಗಿ ಮುಂದಿನ ಸಾಲಿಗೆ ಬೆರಳಿಟ್ಟಾಗಿತ್ತು.